ಕೋಲು ಬಿದ್ದ ಸದ್ದು

ಹೋದ ತಿಂಗಳು ಗೋಡೆಗೆ ಬಣ್ಣ ಬಳಿಯಲು ಬಂದವರು ದೇವರ ಪಟಗಳನ್ನು ಒಂದೊಂದಾಗಿ ಇಳಿಸುತ್ತಿದ್ದಾಗ, ಲಕ್ಷ್ಮಿಯ ದೊಡ್ಡ ಪಟದ ಹಿಂದಿನಿಂದ ಒಂದು ಚೌಕದ ರಟ್ಟು ಜಾರಿ ಕೆಳಗೆ ಬಿತ್ತು. ಗೋಡೆಯ ತೇವ ಪಟಕ್ಕೆ ತಾಗದಿರಲಿ ಎಂದು ಅಮ್ಮ ಯಾವ ಕಾಲದಲ್ಲೋ ಅದನ್ನು ಅಲ್ಲಿ ಸೇರಿಸಿದ್ದರು. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಉಳಿದದ್ದರಲ್ಲಿ ನೀಲಿ ಬೆಳಕು, ಹೊಗೆ, ಹೊಗೆಯ ನಡುವೆ ನಾಲ್ಕೈದು ಡ್ರಮ್ಮುಗಳ ಮೇಲೆ ಬಾಗಿದ ಉದ್ದ ಕೂದಲಿನ ಒಬ್ಬ ಮನುಷ್ಯ. ಇಷ್ಟು ವರ್ಷ ಲಕ್ಷ್ಮಿಯ ಬೆನ್ನಿಗೆ ಒರಗಿಕೊಂಡು, ಶುಕ್ರವಾರದ ಮಂಗಳಾರತಿಯಲ್ಲಿ ಅವನೂ ಒಂದು ಪಾಲು ಹೊಡೆದುಕೊಂಡಿದ್ದ ಅನ್ನಬೇಕು.

"ಯಾರು ಮೇಡಂ ಇದು, ಫಾರಿನ್ ದೇವ್ರಾ?" ಎಂದು ಬಣ್ಣದವನು ಕೇಳಿದ.

ನನಗೆ ನಗು ಬಂತು. ರಟ್ಟನ್ನು ಎತ್ತಿ ಮೂಗಿನ ಹತ್ತಿರ ಹಿಡಿದೆ. ಕರ್ಪೂರ, ತೇವ, ಅದರಡಿಯಲ್ಲಿ ಎಲ್ಲೋ ಬಿಸಿಯಾದ ಹಳೇ ರೇಡಿಯೋದ ವಾಸನೆ... ನಗು ಅಲ್ಲೇ ನಿಂತಿತು. ಪಕ್ಕದ ಮನೆಯ ಮಾಮ ನೆನಪಾದರು.

ಊರಿಗೆಲ್ಲ ಅವರು ಡೋಲಿನವರು. ನಮಗೆ, ಗೋಡೆ ಹಂಚಿಕೊಂಡ ಮನೆಯವರಿಗೆ, ಮಾಮ. ಆಗಿನ ನಮ್ಮೂರು ಹೂಡಿ ಎಂದರೆ ರಾಗಿ ಹೊಲ, ದ್ರಾಕ್ಷಿ ಚಪ್ಪರ, ಊರಾಚೆ ರೈಲು ಹಳಿ. ಅಷ್ಟು ಹೊತ್ತಿಗೆ ವೈಟ್‌ಫೀಲ್ಡ್ ರಸ್ತೆಯುದ್ದಕ್ಕೂ ಕಾರ್ಖಾನೆಗಳು ಎದ್ದಿದ್ದವು, ಬೆಳಿಗ್ಗೆ ಸೈರನ್ನು ಕೂಗಿದರೆ ನಮ್ಮ ಕೋಳಿಗಳಿಗೆ ಕೂಗುವ ಕೆಲಸ ತಪ್ಪಿಹೋಗಿತ್ತು. ಮಾಮನ ಮನೆತನಕ್ಕೆ ಓಲಗವೇ ಬದುಕು. ಅವರ ಅಪ್ಪ ನಾಗಸ್ವರ ಊದುತ್ತಿದ್ದರಂತೆ. ಮಾಮನ ಕೈಗೆ ಡೋಲು ಬಂದಿತ್ತು. ಎಡಗೈಯಲ್ಲಿ ಗಿಡ್ಡ ಕೋಲು, ಬಲಗೈಯ ಬೆರಳುಗಳಿಗೆ ಗಟ್ಟಿ ಟೊಪ್ಪಿಗೆ. ಸುತ್ತ ಹತ್ತು ಹಳ್ಳಿಗಳಲ್ಲಿ ಅವರು ಬಾರಿಸದ ಮದುವೆ ಮದುವೆಯಲ್ಲ ಎಂಬ ಮಾತಿತ್ತು.

ಆ ಮಾತು ಒಂದೇ ದಿನದಲ್ಲಿ ಸತ್ತಿತು. ನಾನಾಗ ಮಿಡ್ಲ್ ಸ್ಕೂಲಿನಲ್ಲಿದ್ದೆ, ಆ ಮದುವೆಯಲ್ಲೂ ಇದ್ದೆ. ಮೇಲಿನ ಬೀದಿಯ ಹುಡುಗಿಯ ಮದುವೆ. ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದರು. ಗಟ್ಟಿಮೇಳ ಯಾಕೆ ಎಂದು ನಮ್ಮ ಕಡೆ ಎಳೆಮಕ್ಕಳಿಗೂ ಗೊತ್ತು: ತಾಳಿ ಬೀಳುವ ಹೊತ್ತಿಗೆ ಸೀನಾಗಲಿ, ಅಳುವಾಗಲಿ, ಕೆಟ್ಟ ಮಾತಾಗಲಿ ಮದುಮಕ್ಕಳ ಕಿವಿಗೆ ಬೀಳಬಾರದು. ಮಾಮ ಕೈ ಬೀಸಿದರು. ಸೆಕೆಗೆ ಬೆವೆತ ಕೈಯಿಂದ ಕೋಲು ಜಾರಿ ಚಪ್ಪರದ ಕಂಬಕ್ಕೆ ಬಡಿದು ಉರುಳಿತು. ನಾಗಸ್ವರದವರು ಗಾಬರಿಯಾಗಿ ಅವರ ಮುಖ ನೋಡಿ ಉಸಿರು ತಪ್ಪಿದರು. ಎರಡು ಮೂರು ಉಸಿರಿನಷ್ಟು ಹೊತ್ತು, ಅಷ್ಟೇ. ಆ ನಿಶ್ಶಬ್ದದಲ್ಲಿ ಹೆಂಗಸರ ಕಡೆಯಿಂದ ಯಾರೋ ಸೀನಿದರು. ಎಲ್ಲರಿಗೂ ಕೇಳಿಸಿತು. ತಾಳಿ ಬಿದ್ದದ್ದು ಆ ಸೀನಿನ ಮೇಲೆ.

ಹನ್ನೊಂದನೇ ತಿಂಗಳಿಗೆ ಆ ಹುಡುಗಿಯ ಗಂಡ ಕಾಮಾಲೆಯಾಗಿ ತೀರಿಕೊಂಡ. ಮಾಮನಿಗೆ ಎದುರಾಗಿ ಯಾರೂ ಒಂದು ಮಾತೂ ಅನ್ನಲಿಲ್ಲ. ಕರೆಯುವುದನ್ನು ನಿಲ್ಲಿಸಿದರು, ಅಷ್ಟೇ. ಸೀನಿದವರು ಯಾರು ಎಂದು ಯಾರೂ ಕೇಳಲಿಲ್ಲ. ಕೋಲು ಬೀಳಿಸಿದವರು ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ಒಂದು ಮದುವೆ ಕಾಲ ಕಾದು, ಎರಡು ಕಾದು, ಡೋಲನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ ಮಾಮ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯೊಂದಕ್ಕೆ ಸೇರಿಕೊಂಡರು. ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಮರದ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವ ಕೆಲಸ. ಎಸ್ಸೆಸ್ಸೆಲ್ಸಿ ಮುಗಿಸಿ ನಾನೂ ಅದೇ ಕಾರ್ಖಾನೆಗೆ ತಾಮ್ರದ ತಂತಿ ಸುತ್ತಲು ಸೇರಿದೆ. ನಮ್ಮ ವೈಂಡಿಂಗ್ ಸೆಕ್ಷನ್ನಿಗೂ ಪ್ಯಾಕಿಂಗಿಗೂ ನಡುವೆ ಒಂದು ತಗಡಿನ ಗೋಡೆ. ಆಚೆ ಆರು ಸುತ್ತಿಗೆಗಳಿದ್ದರೂ ಮಾಮನ ಸುತ್ತಿಗೆ ಯಾವುದೆಂದು ನಮ್ಮ ಹುಡುಗಿಯರೆಲ್ಲ ಹೇಳಬಲ್ಲವರಾಗಿದ್ದರು. ಬೇರೆಯವರದು ಪೆಟ್ಟು, ಇವರದು ನಡೆ.

ಇನ್ನು ಆ ರಟ್ಟಿನ ಹೊದಿಕೆಯೊಳಗಿದ್ದ ಹಾಡಿನ ತಟ್ಟೆಯ ಕಥೆ. ಅಪ್ಪ ವೈಟ್‌ಫೀಲ್ಡಿನ ಆಂಗ್ಲೋ-ಇಂಡಿಯನ್ ಮನೆಯೊಂದಕ್ಕೆ ಹಾಲು ಹಾಕುತ್ತಿದ್ದರು. ಕೆಂಪು ಹೆಂಚಿನ ಮನೆ, ಒಬ್ಬಳೇ ಮುದುಕಿ. ಊರವರು ಆಕೆಯನ್ನು ದೊರೆಸಾನಮ್ಮ ಅನ್ನುತ್ತಿದ್ದರು. ಆಕೆ ಮನೆ ಮಾರಿ ಆಸ್ಟ್ರೇಲಿಯಾದ ಮಗನ ಬಳಿಗೆ ಹೊರಟಾಗ ಹಾಲಿನವನಿಗೆ ಇರಲಿ ಎಂದು ತನ್ನ ರೆಕಾರ್ಡ್ ಪ್ಲೇಯರನ್ನೂ ಮೂರು ತಟ್ಟೆಗಳನ್ನೂ ಕೊಟ್ಟಳು. ಅಪ್ಪ ಅದನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ಖಾಲಿ ಕ್ಯಾನುಗಳ ಜೊತೆ ಬಡಿಸಿಕೊಂಡು ಬಂದರು. ಹೂಡಿ ತಲುಪುವ ಹೊತ್ತಿಗೆ ಎರಡು ತಟ್ಟೆ ಒಡೆದಿದ್ದವು. ಮುದುಕಿಯ ದೇವರ ಹಾಡುಗಳು ಹೋದವು, ಮಗ ಬಿಟ್ಟುಹೋದ ಉದ್ದ ಕೂದಲಿನವರು ಉಳಿದರು.

ಹೊದಿಕೆಯ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಲೈವ್ ಎಂದಿತ್ತು. ನಾನು ಅದನ್ನು ಲಿವ್ ಎಂದು ಓದಿ, ಎಸ್ಸೆಸ್ಸೆಲ್ಸಿ ಪಾಸಾದ ಜಂಬದಲ್ಲಿ ಮನೆಯವರಿಗೆಲ್ಲ "ಬದುಕು ಅಂತ ಬರೆದಿದೆ" ಎಂದು ಅರ್ಥ ಹೇಳಿದೆ. ತಟ್ಟೆ ಹಾಕಿದ ಮೇಲೆ ಅಮ್ಮ, "ತಗಡಿನ ಗೋಡೌನಿಗೆ ಕೋತಿ ನುಗ್ದಂಗೈತೆ, ಇದ್ಯಾವ ಬದುಕು" ಎಂದರು. ನಿಜ ಹೇಳಬೇಕೆಂದರೆ ನನಗೂ ಹಾಗೇ ಕೇಳಿಸಿತ್ತು. ಗಿಟಾರು ಒಂದು ಕಡೆ ಓಡುತ್ತಿತ್ತು, ಪಿಯಾನೋದಂಥದ್ದು ಇನ್ನೊಂದು ಕಡೆ, ಕೊಳಲಿನ ದೊಡ್ಡಪ್ಪನಂಥ ಯಾವುದೋ ಊದುವ ವಾದ್ಯ ನಡುವೆ ನುಗ್ಗುತ್ತಿತ್ತು. ಆದರೂ ಕರೆಂಟಿಗೆ ತಿರುಗುವ ಒಂದು ವಸ್ತು ಮನೆಗೆ ಬಂದಿದೆಯಲ್ಲ ಎಂಬ ಹೆಮ್ಮೆಗೆ ಭಾನುವಾರ ಮಧ್ಯಾಹ್ನ ಅದನ್ನು ಜೋರಾಗಿ ಹಾಕುತ್ತಿದ್ದೆ.

ಎರಡನೇ ಭಾನುವಾರವೋ ಮೂರನೆಯದೋ... ಮಾಮ ಅವರ ಜಗಲಿಯಿಂದ ಎದ್ದು ಬಂದು ನಮ್ಮ ಬಾಗಿಲಲ್ಲಿ ನಿಂತರು. ಕರೆದರೂ ಒಳಗೆ ಬರುವ ಅಭ್ಯಾಸ ಅವರಿಗಿರಲಿಲ್ಲ. ಆ ಮದುವೆಯ ನಂತರ ಯಾರ ಮನೆಯ ಹೊಸ್ತಿಲನ್ನೂ ಅವರು ಸುಮ್ಮನೆ ದಾಟುತ್ತಿರಲಿಲ್ಲ. ಅಂದು ಮಾತ್ರ ನೇರ ಒಳಗೆ ಬಂದು ಪ್ಲೇಯರಿನ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಏಳು" ಎಂದರು.

ನನ್ನನ್ನು ಏಳು ಅನ್ನುತ್ತಿದ್ದಾರೆ ಎಂದುಕೊಂಡು ನಾನು ಎದ್ದು ನಿಂತೆ.

"ಅಯ್ಯೋ ನೀನಲ್ಲ ಕಣಮ್ಮ, ಕೂತ್ಕೋ. ಏಳು ಏಟು. ತಕಿಟ ತಕಧಿಮಿ, ತಕಿಟ ತಕಧಿಮಿ. ಕೇಳು, ಈವಯ್ಯ ಮಿಶ್ರದಲ್ಲಿ ಓಗ್ತಾವ್ನೆ."

ತೊಡೆಯ ಮೇಲೆ ಬೆರಳಾಡಿಸಿ ತೋರಿಸಿದರು. ನಾನು ಕಾರ್ಖಾನೆಯಲ್ಲಿ ತಂತಿಯ ಸುತ್ತು ಎಣಿಸುವವಳು, ಎಣಿಕೆ ನನಗೆ ಹೊಸದಲ್ಲ. ಮೂರು, ನಾಲ್ಕು. ಮೂರು, ನಾಲ್ಕು. ಗೋಡೌನಿನಲ್ಲಿ ಕೋತಿಗಳು ಸಾಲಾಗಿ ನಿಂತ ಹಾಗಾಯಿತು. ಆಮೇಲೆ ಆ ಹಾಡು ನನಗೆ ಗಲಾಟೆಯಾಗಿ ಕೇಳಿಸಲೇ ಇಲ್ಲ.

ಅವತ್ತಿನಿಂದ ಭಾನುವಾರ ಊಟ ಮುಗಿಸಿ ಮಾಮ ಬರುವುದು ರೂಢಿಯಾಯಿತು. ಅವರಿಗೆ ಡ್ರಮ್ಮಿನವನು "ಈವಯ್ಯ". ಊದುವವನು "ನಾಗಸ್ವರ". ಗಿಟಾರಿನವನನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ, "ಅವ್ನಿಗೆ ಮಾತು ಜಾಸ್ತಿ" ಅನ್ನುತ್ತಿದ್ದರು. ದ್ರಾಕ್ಷಿ ತೋಟಗಳ ಪಂಪ್‌ಸೆಟ್ಟು ಶುರುವಾದರೆ ಊರಿನ ವೋಲ್ಟೇಜು ಇಳಿದು ತಟ್ಟೆ ನಿಧಾನವಾಗುತ್ತಿತ್ತು. ಎಲ್ಲರ ದನಿಯೂ ದಪ್ಪಗಾಗಿ ಎಳೆಯುತ್ತಿತ್ತು. "ಪಾಪ, ಮುದ್ದೆ ಉಂಡು ಕೂತವ್ರೆ" ಎಂದು ಮಾಮ ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ಆ ಪ್ಲೇಯರಿನ ಮುಂದೆ ಬಿಟ್ಟು ಬೇರೆಲ್ಲೂ ಕಂಡ ನೆನಪಿಲ್ಲ. ಸೋಮವಾರ ತಗಡಿನ ಗೋಡೆಯಾಚೆ ಮೊಳೆಗಳೂ ಏಳರಲ್ಲಿ ಇಳಿಯತೊಡಗಿದವು. ಸೂಪರ್‌ವೈಸರು ಬಂದು, ಒಂದು ಹಲಗೆಗೆ ಆರು ಮೊಳೆ ಸಾಕು, ಏಳನೆಯದು ಯಾಕೆ ಎಂದು ಕೇಳಿದರಂತೆ.

ಈ ನಡುವೆ ಆಫೀಸಿನ ಟೈಪಿಸ್ಟ್ ಅಕ್ಕನಿಗೆ ನಾನು ಹೊದಿಕೆ ತೋರಿಸಿದ್ದೆ. ಆಕೆ ನಕ್ಕು ನನ್ನ ಇಂಗ್ಲಿಷನ್ನು ತಿದ್ದಿದರು. ಅದು ಬದುಕು ಅಲ್ಲವಂತೆ. ಸಾವಿರಾರು ಜನರ ಮುಂದೆ ಬಾರಿಸಿದ್ದನ್ನು ಬಾರಿಸಿದ ಹಾಗೆಯೇ ಹಿಡಿದದ್ದು ಎಂದು ಅರ್ಥವಂತೆ.

ಒಂದು ಭಾನುವಾರ ಎರಡನೇ ಮಗ್ಗುಲು ಹಾಕಿದ್ದೆ. ಅದರಲ್ಲಿ ಉಳಿದವರೆಲ್ಲ ಸುಮ್ಮನಾಗಿ ಡ್ರಮ್ಮಿನವನು ಒಬ್ಬನೇ ಬಹಳ ಹೊತ್ತು ಬಾರಿಸುತ್ತಾನೆ. ಮಾಮ ಕಣ್ಣು ಮುಚ್ಚಿ ಕೇಳುತ್ತಿದ್ದವರು ತಟ್ಟನೆ ಕೈ ಎತ್ತಿದರು.

"ತಡಿ. ಮತ್ತೆ ಆಕು."

ಮುಳ್ಳನ್ನು ಹಿಂದಕ್ಕಿಟ್ಟೆ. ಅದೇ ಜಾಗ ಬಂತು. ಮಾಮ ಮತ್ತೆ ಕೈ ಎತ್ತಿದರು. ನಾಲ್ಕನೇ ಸಲ ಹಾಕಿದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ.

"ಕೋಲು ಬಿತ್ತು" ಎಂದರು.

ನನಗೆ ಏನೂ ಕೇಳಿಸಿರಲಿಲ್ಲ. ಕಿವಿಯನ್ನು ಸ್ಪೀಕರಿಗೆ ಅಂಟಿಸಿ ಐದನೇ ಸಲ ಕೇಳಿದೆ. ಹೌದು... ಏಟುಗಳ ನಡುವೆ ಏಟಲ್ಲದ ಒಂದು ಸದ್ದು, ಹಲಗೆಯ ಮೇಲೆ ಟಕ್ಕೆಂದು ಬಿದ್ದು ಸ್ವಲ್ಪ ಉರುಳಿದ್ದು. ಅದಾದ ಮೇಲೆ ಬಾರಿಸುವುದು ತೆಳುವಾಗುತ್ತದೆ. ಒಂಟಿ ಕೈ. ಮಾಮ ತಮ್ಮ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಲಗೈಯೊಂದರಲ್ಲೇ ಅದನ್ನು ನೆಲದ ಮೇಲೆ ಬಾರಿಸಿ ತೋರಿಸಿದರು. ಅಷ್ಟರಲ್ಲಿ ತಟ್ಟೆಯೊಳಗೆ ಜನರ ಗದ್ದಲ ಎದ್ದಿತು.

"ಜನ ಬೈತಾವ್ರಾ?"

"ಇಲ್ಲ ಮಾಮ, ಚಪ್ಪಾಳೆ ಹೊಡೀತಿದಾರೆ. ಶಿಳ್ಳೆ ಬೇರೆ ಹಾಕ್ತಿದಾರೆ."

"ಕೋಲು ಬಿದ್ದಿದ್ದಕ್ಕಾ?"

"ಬಿದ್ರೂ ನಿಲ್ಲಿಸ್ಲಿಲ್ಲ ಅಲ್ವಾ, ಅದಕ್ಕೆ."

ಮಾಮ ತಿರುಗುವ ತಟ್ಟೆಯ ಮೇಲೆ ಬಾಗಿದರು. "ಇದನ್ನ ಯಾಕೆ ಮಡಗವ್ರೆ? ತೆಗ್ದಾಕ್ಬೋದಿತ್ತು."

ಟೈಪಿಸ್ಟ್ ಅಕ್ಕ ಹೇಳಿದ್ದನ್ನು ಹೇಳಿದೆ. ಬಾರಿಸಿದ್ದನ್ನು ಬಾರಿಸಿದ ಹಾಗೆಯೇ ಹಿಡಿದಿರುವುದು, ಅದನ್ನೇ ಹೊದಿಕೆಯ ಮೇಲೆ ಬರೆದಿರುವುದು ಎಂದೆ.

"ತಪ್ಪಿದ್ರೂವೆ?"

"ತಪ್ಪಿದ್ರೂ ಮಾಮ."

ಕೊನೆಗೆ ಕೇಳಿದರು, "ಆಮೇಲೆ... ಈವಯ್ಯನ್ನ ಇನ್ನೊಂದ್ಸಲ ಯಾರಾರ ಕರೆದ್ರಾ?"

ಇಪ್ಪತ್ತು ವರ್ಷದ ಹುಡುಗಿಗೆ ಇಂಥ ಪ್ರಶ್ನೆ ಕೇಳಿದರೆ ಬಾಯಿ ಸುಮ್ಮನಿರುವುದಿಲ್ಲ. "ಕರೆದೇ ಇರ್ತಾರೆ. ನನ್ನ ಮದುವೆಗೆ ನಾನು ನಿಮ್ಮನ್ನೇ ಕರೆಯೋದು. ನೀವೇ ಬಾರಿಸ್ಬೇಕು, ಗಟ್ಟಿಮೇಳ ನಿಮ್ದೇ" ಎಂದುಬಿಟ್ಟೆ.

ಮಾಮ ಎದ್ದು ಹೋಗುವಾಗ ಹೊಸ್ತಿಲಲ್ಲಿ ನಿಂತು, "ದ್ಯಾವ್ರವ್ನೆ" ಎಂದರು.

ಮುಂದಿನ ವಾರವೇ ಅತ್ತೆ, ಅಂದರೆ ಅವರ ಹೆಂಡತಿ, ಗೋಡೆಯಾಚೆಯಿಂದ ಕರೆದು ಹೇಳಿದರು. ಮಾಮ ಅಟ್ಟದಿಂದ ಡೋಲು ಇಳಿಸಿದ್ದರು. ಚರ್ಮ ಒಣಗಿ ಬಿರಿದಿತ್ತಂತೆ, ಹೊಸಕೋಟೆಗೆ ಹೊತ್ತುಕೊಂಡು ಹೋಗಿ ಹೊಸದು ಕಟ್ಟಿಸಿದ್ದರಂತೆ. "ನಿನ್ ಮದ್ವೆಗೇ ಅಂತೆ ಕಣಮ್ಮ. ಇನ್ನ ಗಂಡೇ ಗೊತ್ತಾಗಿಲ್ಲ, ಇವ್ರಾಗ್ಲೇ ಬೆಳಗ್ಗೆ ಗಂಟೆಗಟ್ಲೆ ಗುದ್ದಾಡ್ತಾ ಕೂತಿರ್ತಾರೆ" ಎಂದು ಬೈಯುವ ದನಿಯಲ್ಲಿ ಹೇಳುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನನಗೂ ಕೇಳಿಸತೊಡಗಿತು. ಕೆಲಸಕ್ಕೆ ಹೊರಡುವ ಮುಂಚೆ, ಡೋಲಿನ ಮೇಲೆ ಬಟ್ಟೆ ಹೊದಿಸಿ ಸದ್ದು ಅಡಗಿಸಿ, ಮಾಮ ಗಟ್ಟಿಮೇಳವನ್ನೇ ಮತ್ತೆ ಮತ್ತೆ ಬಾರಿಸುತ್ತಿದ್ದರು.

ಮರುವರ್ಷ ನನಗೆ ಅತ್ತಿಬೆಲೆಯ ಗಂಡು ಗೊತ್ತಾಯಿತು. ಅಲ್ಲೇ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಒಳ್ಳೆಯ ಮನುಷ್ಯ, ಹೆಚ್ಚು ಮಾತಿಲ್ಲದವರು. ನೋಡಲು ಬಂದ ದಿನವೇ ನನಗೆ ಹಿಡಿಸಿದ್ದರು. ಹಿಡಿಸಿದ್ದೇ ಕೇಡಾಯಿತು ಎಂದು ಈಗ ಅನಿಸುತ್ತದೆ. ಕಳೆದುಕೊಳ್ಳಲು ಏನೂ ಇಲ್ಲದಾಗ ನಾನು ಬಹಳ ಧೈರ್ಯವಂತೆಯಾಗಿದ್ದೆ.

ಚಪ್ಪರ, ಅಡುಗೆಯವರು, ಜವಳಿ ಎಲ್ಲ ಮಾತಾಡಿ ಮುಗಿಸಿ ಒಂದು ಸಂಜೆ ಅಪ್ಪ ಓಲಗದ ಮಾತೆತ್ತಿದರು. ಅಮ್ಮ ಅಡುಗೆಮನೆಯಿಂದಲೇ ಅಂದರು, "ಪಕ್ಕದ್ಮನೆಯವ್ನಿಗೇ ಯೋಳಿ. ಎಸ್ಟು ವರ್ಸ ಆಯ್ತು ಪಾಪ. ಆಗಿದ್ದು ಆಗೋಯ್ತು, ನಾವಾದ್ರೂ ಕರೀಬೇಕು."

ಅಪ್ಪ ನನ್ನ ಕಡೆ ತಿರುಗಿದರು. "ನಿನ್ ಮದ್ವೆ ಕಣಮ್ಮ. ನೀನೇನಂತೀಯ?"

ಆ ಕ್ಷಣಕ್ಕೆ ನನಗೆ ಕೇಳಿಸಿದ್ದು ತಟ್ಟೆಯ ಚಪ್ಪಾಳೆಯಲ್ಲ. ಹೆಂಗಸರ ಕಡೆಯಿಂದ ಬಂದ ಆ ಸೀನು. ಮೇಲಿನ ಬೀದಿಯ ಆ ಹುಡುಗಿ ಬರಿ ಹಣೆಯಲ್ಲಿ ನೀರಿಗೆ ಹೋಗುತ್ತಿದ್ದುದು ಕಣ್ಣಿಗೆ ಬಂತು. ಮೂಢನಂಬಿಕೆ ಎಂದು ಕ್ಯಾಂಟೀನಿನಲ್ಲಿ ಗೆಳತಿಯರನ್ನು ಹಂಗಿಸುತ್ತಿದ್ದವಳು ನಾನೇ.

"ಬೇಡಪ್ಪ" ಎಂದೆ. ಅದೊಂದೇ ಮಾತು. ಯಾಕೆ ಎಂದು ಅವರಿಬ್ಬರೂ ಕೇಳಲಿಲ್ಲ. ಅಮ್ಮ ಬಾಗಿಲಿಗೆ ಬಂದು ನಿಂತು ನನ್ನನ್ನೇ ನೋಡಿ, ಒಳಗೆ ಹೋದರು.

ಹೊಸಕೋಟೆಯ ಓಲಗದವರು ಗೊತ್ತಾದರು. ಮಾಮನಿಗೆ ಬೇರೆಯವರಿಂದ ತಿಳಿಯುವ ಮುಂಚೆ ಅಮ್ಮನೇ ಅವರ ಮನೆಗೆ ಹೋದರು. ನಾನು ಗೋಡೆಯ ಈಚೆ ಬಟ್ಟೆ ಒಣಗಿಸುತ್ತಿದ್ದೆ, ಪ್ರತಿಯೊಂದು ಮಾತೂ ಕೇಳಿಸುತ್ತಿತ್ತು.

"ಮಗೀಗೆ ನೀನೇ ಬಾರಿಸ್ಬೇಕು ಅಂತಾನೇ ಇತ್ತು ಕಣಪ್ಪ. ನಂಗೇ ಮನ್ಸು ಬರ್ಲಿಲ್ಲ. ಎತ್ತ ಒಟ್ಟೆ, ಎದರ್ಕೊಂಡೆ. ತಪ್ಪು ತಿಳ್ಕೋಬ್ಯಾಡ."

"ಬುಡು ಅಕ್ಕ, ಅದ್ರಾಗೇನೈತೆ" ಎಂದರು ಮಾಮ.

ಅಮ್ಮ ವಾಪಸ್ಸು ಬಂದರು. ನಾನು ಅದೇ ಒಂದು ಲಂಗವನ್ನು ಹಿಂಡುತ್ತಾ ನಿಂತಿದ್ದೆ. "ನಿನ್ ಎಸ್ರು ಯೋಳಿಲ್ಲ, ಬಾ ಊಟ ಮಾಡು" ಎಂದರು. ನಾನು ಹೋಗಿ ಊಟ ಮಾಡಿದೆ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗ ನನಗಾದದ್ದು ನೆಮ್ಮದಿ.

ಬೆಳಗಿನ ಹೊತ್ತು ಗೋಡೆಯಾಚೆಯ ಸದ್ದು ನಿಂತಿತು. ಭಾನುವಾರ ಮಾತ್ರ ಮಾಮ ಎಂದಿನಂತೆ ಬಂದರು. ನಾನು ಇಟ್ಟ ಮುಳ್ಳು ಜಾರಿ ತಟ್ಟೆಯ ಮೇಲೆ ಗೀರಿತು. "ಮೆತ್ತಗೆ" ಎಂದರಷ್ಟೇ. ಮೊದಲನೇ ಮಗ್ಗುಲು ಪೂರ್ತಿ ಕೇಳಿದರು. ತಿರುವಿ ಹಾಕಲೇ ಎಂದು ಕೇಳಿದಾಗ, "ಬ್ಯಾಡ, ಮದ್ವೆ ಮನೆ, ನಿಂಗೆ ಕೆಲ್ಸ ಇರ್ತೈತೆ" ಎಂದು ಎದ್ದರು.

ಮದುವೆ ನಮ್ಮ ಮನೆ ಮುಂದಿನ ಚಪ್ಪರದಲ್ಲೇ ಆಯಿತು. ಮಾಮ ಮುಂಚಿತವಾಗಿ ಬಂದು ಕಂಬಗಳಿಗೆ ಬಾಳೆ ಕಟ್ಟಿದರು. ಹೊಸಕೋಟೆಯವರಿಗೆ ಕಾಫಿ ತರಿಸಿ ಕೊಟ್ಟರು, ಬಿಸಿಲು ಮುಖಕ್ಕೆ ಹೊಡೆಯದ ಜಾಗ ನೋಡಿ ಅವರ ಜಮಖಾನ ಹಾಸಿಸಿದರು. ಪುರೋಹಿತರು ಕೈ ಎತ್ತಿದಾಗ ನಾನು ತಲೆ ತಗ್ಗಿಸಿ ಕೂತಿದ್ದವಳು, ಕಣ್ಣಂಚಿನಲ್ಲಿ ಅವರನ್ನು ಕಂಡೆ. ಜನರ ನಡುವೆ, ಎರಡೂ ಮುಷ್ಟಿಯಲ್ಲಿ ಅಕ್ಷತೆ ಹಿಡಿದು ನಿಂತಿದ್ದರು. ನೋಡುತ್ತಿದ್ದುದು ನಮ್ಮನ್ನಲ್ಲ, ಡೋಲಿನವನ ಎಡಗೈಯನ್ನು. ಗಟ್ಟಿಮೇಳ ಒಂದು ಚೂರೂ ತಪ್ಪಲಿಲ್ಲ. ಸೀನಿದ್ದರೆ ದೇವರಿಗೂ ಕೇಳಿಸುತ್ತಿರಲಿಲ್ಲ.

ಮದುವೆಯಾದ ಆರನೇ ವರ್ಷ, ಬೆಳಗಿನ ಪಾಳಿಗೆ ಸೈಕಲ್ಲಿನಲ್ಲಿ ಹೊರಟಿದ್ದ ನನ್ನ ಗಂಡನಿಗೆ ಹೊಸೂರು ರಸ್ತೆಯಲ್ಲಿ ಲಾರಿ ಹೊಡೆಯಿತು. ಆಸ್ಪತ್ರೆಗೆ ಒಯ್ಯುವ ಅವಕಾಶವೂ ಸಿಗಲಿಲ್ಲ. ಮಗಳಿಗೆ ಆಗ ನಾಲ್ಕು ವರ್ಷ.

ಬಂದವರೆಲ್ಲ ಕಾರಣ ಹುಡುಕಿದರು. ಜಾತಕ ಸರಿಯಾಗಿ ನೋಡಿಸಲಿಲ್ಲ ಎಂದರು. ಮನೆಯ ಬಾಗಿಲು ದಕ್ಷಿಣಕ್ಕಿದೆ ಎಂದರು. ನನ್ನ ಕಾಲ್ಗುಣ ಎಂದು ಒಬ್ಬಾಕೆ ನನಗೆ ಕೇಳಿಸುವ ಹಾಗೆಯೇ ಅಂದಳು. ಹೊಸಕೋಟೆಯ ಓಲಗದವರ ಮಾತನ್ನು ಒಬ್ಬರೂ ಎತ್ತಲಿಲ್ಲ. ಎತ್ತಲು ಏನಿತ್ತು, ಅವರು ಚೆನ್ನಾಗಿಯೇ ಬಾರಿಸಿದ್ದರು.

ಹನ್ನೊಂದನೇ ದಿನ ಕಳೆದು ಮನೆ ಖಾಲಿಯಾದ ಮೇಲೆ ಮಾಮ ಬಂದರು. ಹೂಡಿಯಿಂದ ಮಾರತ್ತಹಳ್ಳಿಗೆ, ಅಲ್ಲಿಂದ ಇನ್ನೆಲ್ಲಿಗೋ, ಮೂರು ಬಸ್ಸು ಬದಲಿಸಿ ಬಂದಿದ್ದರು. ಪಂಚೆಯೆಲ್ಲ ದೂಳು. ಅತ್ತೆ ಕೊಟ್ಟ ಹುರಿಹಿಟ್ಟಿನ ಗಂಟನ್ನು ಮಗಳ ಕೈಗಿಟ್ಟು ಗೋಡೆಗೊರಗಿ ಕೂತರು. ಸಮಾಧಾನ ಹೇಳುವವರ ಮಾತು ಕೇಳಿ ಕೇಳಿ ನನ್ನ ಕಿವಿ ಸತ್ತುಹೋಗಿತ್ತು, ಅವರು ಹಾಗೆ ಬಂದು ಕೂತದ್ದೇ ಹಿತವಾಗಿತ್ತು. ನನಗೊಂದು ಭಯವೂ ಇತ್ತು. ನೋಡು, ಕೋಲು ಬೀಳದಿದ್ದರೂ ಆಗುವುದು ಆಯಿತಲ್ಲ ಎಂದು ಅವರು ಅನ್ನಬಹುದಿತ್ತು. ಹದಿನೈದು ವರ್ಷ ಹೊತ್ತದ್ದನ್ನು ನನ್ನ ಮುಂದೆ ಇಳಿಸಿಹೋಗುವ ಹಕ್ಕು ಅವರಿಗಿತ್ತು.

"ನಾನೇ ಬಾರಿಸಿದ್ದಿದ್ರೆ ಚೆಂದಾಗಿತ್ತು ಕಣಮ್ಮ" ಎಂದರು.

ನಾನು ತಲೆ ಎತ್ತಿದೆ.

"ನನ್ ಮ್ಯಾಲೆ ಆಕ್ಬೋದಿತ್ತು. ಆ ಡೋಲಿನವನಿಂದ ಇಂಗಾಯ್ತು ಅಂತ ಬೈಕೊಂಡು ಒಸಿ ಅಗುರಾಗ್ತಿದ್ದೆ. ನಂಗೆ ಅದು ರೂಡಿ ಐತೆ. ಈಗ ಯಾರ್ ಮ್ಯಾಲೆ ಆಕ್ತೀಯ... ನಿನ್ ಮ್ಯಾಲೇ ಆಕ್ಕೊಂಡ್ಬುಡ್ತೀಯ. ಅದೇ ನಂಗೆ ಬಯ."

ಗಂಡ ಹೋದ ದಿನದಿಂದ ಒಂದು ಹನಿ ನೀರು ಬಾರದಿದ್ದ ನನ್ನ ಕಣ್ಣು ಆಗ ಒಡೆಯಿತು. ಮಾಮ ನನ್ನ ತಲೆ ಮುಟ್ಟಲಿಲ್ಲ, ಅಳಬೇಡ ಅನ್ನಲಿಲ್ಲ. ಅತ್ತು ಮುಗಿಯುವವರೆಗೆ ಕೂತಿದ್ದು, ಹೊರಡುವಾಗ ಅಂದರು, "ನಿಮ್ಮವ್ವ ಕೊರಗಿ ಓಗವ್ಳೆ. ಅವತ್ತು ತಾನು ನನ್ನ ಬ್ಯಾಡ ಅಂದೆ ಅಂತ ಈಗ್ಲೂ ನನ್ ಮಕ ನೋಡಲ್ಲ. ನಂಗೆ ಕ್ವಾಪ ಇಲ್ಲ ಅಂತ ನೀನೊಂದ್ ಮಾತು ಯೋಳಮ್ಮ."

ಹೇಳಬೇಕಾದ ಹೊತ್ತು ಅದೇ ಆಗಿತ್ತು. ಬಾಯಿಗೆ ಬಂದಿತ್ತು ಕೂಡ. ಅಷ್ಟು ದೊಡ್ಡ ಮಾತು ಆಡಿದ ಮನುಷ್ಯನ ಮುಂದೆ ನಾನು ಸಣ್ಣವಳಾಗಲು ಹೆದರಿದೆ. "ಹೇಳ್ತೀನಿ ಮಾಮ" ಎಂದೆ.

ವರ್ಷ ತುಂಬುವ ಮೊದಲೇ ಮಗಳನ್ನು ಕರೆದುಕೊಂಡು ಹೂಡಿಗೆ ವಾಪಸ್ಸು ಬಂದು ಹಳೇ ಕಾರ್ಖಾನೆಗೇ ಸೇರಿದೆ. ಪ್ಲೇಯರಿನ ರಬ್ಬರು ಕಿತ್ತು ಹೋಗಿತ್ತು, ತಟ್ಟೆಯನ್ನು ಅಮ್ಮ ಹುರುಳಿ ಮಡಕೆಗೆ ಮುಚ್ಚಳ ಮಾಡಿದ್ದರು. ಮಾಮ ಡೋಲನ್ನು ಹೊಸಕೋಟೆಯವರಿಗೇ ಕೊಟ್ಟಿದ್ದರು. ಅವರು ಬದುಕಿದ್ದ ಇನ್ನೂ ಐದು ವರ್ಷ ದಿನವೂ ನಾನು ಅವರನ್ನು ನೋಡುತ್ತಿದ್ದೆ, ಎಷ್ಟೋ ಸಂಜೆ ಜೊತೆಯಲ್ಲೇ ನಡೆದು ಮನೆಗೆ ಬರುತ್ತಿದ್ದೆವು. ಅಮ್ಮ ಅವರನ್ನು ಕಂಡರೆ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದರು. ಸುಳ್ಳು ಹೇಳಿ ಅಭ್ಯಾಸವಿರದ ಹೆಂಗಸು, ಹೇಳಿದ ಒಂದೇ ಸುಳ್ಳನ್ನು ಕೊನೆಯವರೆಗೂ ನಿಭಾಯಿಸಿದರು. ಮಾಮ ಕೆಮ್ಮು ಹೆಚ್ಚಾಗಿ ಮಲಗಿದ್ದಾಗ ಅಮ್ಮ ದಿನವೂ ಗಂಜಿ ಮಾಡಿ ನನ್ನ ಕೈಯಲ್ಲಿ ಕಳಿಸುತ್ತಿದ್ದರು. ತಾವು ಹೋಗಲಿಲ್ಲ. "ನಿಮ್ಮವ್ವಂಗೆ ಇನ್ನೂ ಅದೇ ಮನಸ್ನಾಗೈತೆ ನೋಡು" ಎಂದು ಮಾಮ ಗಂಜಿ ಕುಡಿಯುತ್ತಾ ನೊಂದುಕೊಳ್ಳುತ್ತಿದ್ದರು. ನಾನು ಚೊಂಬು ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದೆ.

ಮಾಮ ಹೋಗಿ ಮೂವತ್ತು ವರ್ಷದ ಮೇಲಾಯಿತು. ಅಮ್ಮ ಹೋಗಿ ಹದಿನಾಲ್ಕು. ಈ ಮಾತನ್ನು ಕೇಳಬೇಕಾಗಿದ್ದ ಇಬ್ಬರೂ ಈಗ ಇಲ್ಲ, ಇನ್ನು ಯಾರಿಗೆ ಹೇಳಿದರೂ ಅದಕ್ಕೆ ಬೆಲೆಯಿಲ್ಲ ಎಂದು ಗೊತ್ತು. ಗೊತ್ತಿದ್ದೂ ಬರೆಯುತ್ತಿದ್ದೇನೆ. ಬೇಡ ಅಂದಿದ್ದು ಅಮ್ಮ ಅಲ್ಲ ಮಾಮ, ನಾನು.